ಗೇಣುದ್ದ ಉಳಿದ ಅಂಚು

“ಮೂವತ್ನಾಕು ವರ್ಸದ ಗಂಡು! ಒಂದ್ ಕಲ್ಲಿನ ಅಂಚು ಉಜ್ಜುಸೋ ಯೋಗ್ಯತೆ ಇಲ್ಲ. ಇವ್ನಾ ನಮ್ ಹುಡ್ಗೀನ ಬಾಳ್ಸೋನು?”

ಹರಿದ ಸೆರಗನ್ನು ಬಾವುಟದಂತೆ ಎತ್ತಿ ಹಿಡಿದು ಸುಮಿತ್ರಮ್ಮ ಅಡುಗೆಮನೆಯಿಂದ ಹಜಾರಕ್ಕೆ ಬಂದಾಗ, ಕೂತಿದ್ದವರೆಲ್ಲರ ಬಾಯಲ್ಲಿದ್ದ ಕೇಸರಿಬಾತು ಅಲ್ಲಲ್ಲೇ ನಿಂತಿತು. ಒಬ್ಬ ಮಾತ್ರ ನುಂಗಿದ. ಅವನು ಗಂಡಿನ ಕಡೆಯವನು, ಬೈಗುಳ ಕೇಳಿ ಅಭ್ಯಾಸವಿತ್ತು.

ಸುಮಿತ್ರಮ್ಮ ಪಿರಿಯಾಪಟ್ಟಣದ ಹುಡುಗಿ ಹರ್ಷಿತಾಳ ಸೋದರತ್ತೆ. ಹುಡುಗಿಯನ್ನು ಮನೆಯಲ್ಲೇ ಬಿಟ್ಟು ಅವಳ ಕಡೆಯವರು ಬೆಳಿಗ್ಗೆ ಬೆಳಿಗ್ಗೆಯೇ ಹನಗೋಡಿಗೆ ಗಂಡಿನ ಮನೆ ನೋಡಲು ಬಂದಿದ್ದರು. ಹೀಗೆ ಬಂದಾಗ ಗಂಡಸರು ಹೊಗೆಸೊಪ್ಪು ಒಣಗಿಸಿ ಹದ ಮಾಡುವ ಬ್ಯಾರನ್ ನೋಡುತ್ತಾರೆ, ಬೋರ್‌ವೆಲ್ಲಿನಲ್ಲಿ ಎಷ್ಟು ನೀರಿದೆ ಅಂತ ಕೇಳುತ್ತಾರೆ. ಹೆಂಗಸರು ನೆಟ್ಟಗೆ ಅಡುಗೆಮನೆಗೆ ಹೋಗುತ್ತಾರೆ. ಬ್ಯಾರನ್ ಪಾಸಾಯಿತು, ಬೋರ್‌ವೆಲ್ ಪಾಸಾಯಿತು. ಅಡುಗೆ ಕಟ್ಟೆ ಸುಮಿತ್ರಮ್ಮನ ರೇಷ್ಮೆ ಸೆರಗನ್ನು ಕಚ್ಚಿ ಹಿಡಿದು ಫೇಲಾಯಿತು. ಕಟ್ಟೆಗೆ ಕರಿ ಗ್ರಾನೈಟ್ ಹಾಸಿ ವರ್ಷ ಕಳೆದಿದ್ದರೂ ಅದರ ಅಂಚು ಮಿಷನ್ನಿನಲ್ಲಿ ಕೊಯ್ದ ಹಾಗೇ ಒರಟಾಗಿ, ಮುರುಕು ಹಲ್ಲಿನಂತೆ ಕಾದು ಕೂತಿತ್ತು.

ಅದಕ್ಕೊಂದು ಕಾರಣವಿತ್ತು. ಕಲ್ಲು ಕೂರಿಸಿದ ದಿನ ಹುಣಸೂರಿನ ಗ್ರಾನೈಟ್ ಕೆಲಸದ ಶಶಿ, “ಅಂಚು ಯಾವ ಥರ ಮಾಡ್ಲಿ ಅಣ್ಣ?” ಎಂದು ಕೇಳಿದಾಗ ಗಂಡು ಮಾದೇಶ ನಾಚಿಕೊಂಡು ಹೇಳಿದ್ದ: “ಇರ್ಲಿ ಬುಡು. ಇಲ್ಲಿ ನಿಂತ್ಕೊಂಡು ಅಡ್ಗೆ ಮಾಡೋಳು ಒಬ್ಳು ಬತ್ತಾಳಲ್ಲ, ಅವ್ಳೇ ಹೇಳ್ಲಿ.” ಅವನ ಜನ್ಮದಲ್ಲಿ ಸ್ವಂತ ತಲೆಯಿಂದ ಬಂದ ಮಾತು ಬಹುಶಃ ಅದೊಂದೇ.

ಈಗ ಅದನ್ನೇ ಹೇಳಲು ಬಾಯಿ ತೆರೆದ. ಪಕ್ಕದಲ್ಲಿ ಕೂತಿದ್ದ ನಂಜಣ್ಣ ತೊಡೆ ಜಿಗುಟಿದ. ನಂಜಣ್ಣ ಪಕ್ಕದ ಮನೆಯವನು, ಈ ಸಂಬಂಧ ತಂದವನೂ ಅವನೇ.

“ಮುಚ್ಕೊಂಡ್ ಕೂತ್ಕೊಳ್ಲಾ. ದೊಡ್ಡೋರು ಮಾತಾಡ್ತಾವ್ರೆ.”

ಮಾದೇಶ ಮುಚ್ಚಿದ. ಬಂದವರು ಎದ್ದು ಹೋದರು.

ಮಧ್ಯಾಹ್ನ ಊಟದ ಹೊತ್ತಿಗೆ ನಂಜಣ್ಣ ಪಂಚೆ ಎತ್ತಿ ಕಟ್ಟಿಕೊಂಡು ಓಡಿ ಬಂದ. “ಲೇ ಮಾದೇಶ! ಹುಡ್ಗೀನೇ ಫೋನ್ ಮಾಡಿತ್ತು ಕಣ್ಲಾ! ಅವ್ರತ್ತೆ ಓಗಿ ಎಲ್ಲಾ ಊದವ್ಳೆ. ‘ಆ ಕಟ್ಟೆ ನಾನೇ ಒಂದ್ಸಲ ನೋಡ್ಬೇಕು, ಸಾಯಂಕಾಲ ಬತ್ತೀನಿ’ ಅಂತು.”

“ಯಾಕಂತೆ?”

“ಯಾಕೆ ಅಂತಾನಲ್ಲ ಈ ಗೂಬೆ! ಬೈಸ್ಕೊಂಡ್ ಮೇಲಾದ್ರೂ ಸರಿ ಮಾಡ್ಸವ್ರಾ ಇಲ್ವಾ ಅಂತ ಪರೀಕ್ಷೆ ಕಣ್ಲಾ. ಕರ್ಸು ಆ ಶಶಿನ!”

ಶಶಿ ಬೈಕಿನ ಹಿಂದೆ ಉಜ್ಜುವ ಮಿಷನ್ ಕಟ್ಟಿಕೊಂಡು ಬಂದ. ಅವನ ಕಸುಬಿನ ನಿಯಮ ಒಂದೇ: ಮನೆಯಲ್ಲಿ ಯಾರ ದನಿ ದೊಡ್ಡದೋ ಅವರೇ ಯಜಮಾನರು. ಮಾದೇಶನ ಕಡೆ ಅವನು ತಿರುಗಿಯೂ ನೋಡಲಿಲ್ಲ.

“ಹಾಫ್ ರೌಂಡ್ ಹೊಡಿ,” ಎಂದ ನಂಜಣ್ಣ. “ಮಗೀನ ಕೆನ್ನೆ ಇದ್ದಂಗೆ ಉರುಟಾಗಿರ್ಬೇಕು. ಸೀರೆ ಅಲ್ಲ, ಜೇಡರ ಬಲೆ ತಾಗುದ್ರೂ ಹರೀಬಾರ್ದು.”

ಮಿಷನ್ ಕಿರುಚತೊಡಗಿತು. ಬಿಳಿ ದೂಳೆದ್ದು ಅಡುಗೆಮನೆಯೆಲ್ಲ ಪುಷ್ಯಮಾಸದ ಮಂಜು ಕವಿದಂತಾಯಿತು. ಬಾಗಿಲ ಕಡೆಯಿಂದ ಒಂದು ಮೊಳ ಉರುಟಾಗಿರಬಹುದು, ಅಷ್ಟರಲ್ಲಿ ಮಾದೇಶನ ಅವ್ವ ಮಲ್ಲಾಜಮ್ಮ ಕಾಯಿ ತುರಿಯುವ ಮಿಷನ್ ಹಿಡಿದುಕೊಂಡು ಒಳಗೆ ನುಗ್ಗಿದಳು. ಕಟ್ಟೆಯ ಅಂಚಿಗೆ ಸ್ಕ್ರೂ ತಿರುಗಿಸಿ ಬಿಗಿಯುವಂಥದ್ದು. ಉರುಟು ಅಂಚಿಗೆ ಸಿಕ್ಕಿಸಿದಳು. ಜಾರಿತು. ಮತ್ತೆ ಸಿಕ್ಕಿಸಿದಳು. ಜಾರಿ ನಂಜಣ್ಣನ ಹೆಬ್ಬೆರಳಿನ ಮೇಲೆ ಬಿತ್ತು.

“ಅಯ್ಯಯ್ಯೋ, ಸತ್ತೆ!”

“ಸಾಯಿ! ನಾನ್ ಕಾಯಿ ಎಲ್ಲಿ ತುರೀಲಿ, ನಿನ್ ಬೋಳು ತಲೆ ಮೇಲಾ? ನಿಲ್ಸೋ ಶಶಿ! ಚೌಕಕ್ಕೆ ಹೊಡಿ, ಹಲಗೆ ಇದ್ದಂಗೆ.”

ಶಶಿ ಅಲ್ಲಿಂದ ಮುಂದಕ್ಕೆ ಚೌಕ ಹೊಡೆಯತೊಡಗಿದ. “ಅವ್ವಾ, ಎರಡು ಥರ ಆದ್ರೆ...” ಎಂದು ಮಾದೇಶ ಶುರುಮಾಡಿದ. ಅವ್ವ, “ನೀ ಓಗಿ ಕಾಫಿಪುಡಿ ತತ್ತಾ,” ಎಂದಳು. ಅವನು ತರಲು ಹೋದ.

ವಾಪಸು ಬರುವಷ್ಟರಲ್ಲಿ ಮೈಸೂರಿಗೆ ಮದುವೆಯಾಗಿ ಹೋಗಿದ್ದ ತಂಗಿ ರಮ್ಯ, ಅವ್ವನ ಫೋನಿನೊಳಗಿಂದ ವೀಡಿಯೊ ಕಾಲಿನಲ್ಲಿ ಹಾಜರಾಗಿದ್ದಳು. ಫೋನನ್ನು ಉಪ್ಪಿನ ಭರಣಿಗೆ ಒರಗಿಸಿದ್ದರು. ಅಲ್ಲಿಂದಲೇ ಆಳುತ್ತಿದ್ದಳು.

“ಥೂ, ಇದೇನವ್ವ, ಬಸ್‌ಸ್ಟ್ಯಾಂಡ್ ಬೆಂಚ್ ಇದ್ದಂಗೈತೆ! ಈಗೆಲ್ಲಾ ದಪ್ಪ ಅಂಚು ಕಣವ್ವ. ಕೆಳಗಡೆ ಇನ್ನೊಂದು ಕಲ್ಲಿನ ಪಟ್ಟಿ ಅಂಟಿಸ್ತಾರೆ, ನೋಡೋರಿಗೆ ಇಡೀ ಬಂಡೆ ತಂದಿಟ್ಟಂಗೆ ಕಾಣ್ತದೆ. ಶಶಿಯಣ್ಣಾ, ಮಾಡು!”

ದನಿ ಮೈಸೂರಿಂದ ಬಂದರೂ ಎಲ್ಲರಿಗಿಂತ ಗಟ್ಟಿಯಾಗಿತ್ತು. ಶಶಿ ಕಿಟಕಿ ಕೆಳಗಿನ ಭಾಗಕ್ಕೆ ಅಂಟು ಬಳಿದು, ಹಿತ್ತಿಲಲ್ಲಿ ಉಳಿದು ಬಿದ್ದಿದ್ದ ಕಲ್ಲಿನ ಪಟ್ಟಿ ಕೂರಿಸಿದ. ಹಿಡಿದುಕೊಳ್ಳಲು ಯಾರಾದರೂ ಬೇಕಿತ್ತು. ನಂಜಣ್ಣ ಹೆಬ್ಬೆರಳು ತೋರಿಸಿದ. ಅವ್ವ ಕಾಫಿಪುಡಿ ತೋರಿಸಿದಳು. ಮಾದೇಶ ಕುಕ್ಕರುಗಾಲಲ್ಲಿ ಕೂತು ಎರಡೂ ಕೈಯಿಂದ ಪಟ್ಟಿಯನ್ನು ಮೇಲಕ್ಕೆ ಒತ್ತಿ ಹಿಡಿದ.

“ಅಂಟು ಹಿಡಿಯೋವರ್ಗೂ ಕೈ ಬಿಡಬೇಡಿ ಅಣ್ಣ,” ಎಂದ ಶಶಿ. ಮತ್ತೆ ಮಿಷನ್ ಎತ್ತಿಕೊಂಡು ಸಿಂಕಿನ ಪಕ್ಕ ಉಳಿದಿದ್ದ ಗೇಣುದ್ದ ಒರಟು ಅಂಚಿಗೆ ಬಂದ. ಗುಂಡಿ ಒತ್ತಿದ. ಕರೆಂಟು ಹೋಯಿತು.

ಹೊರಗೆ ಕಾರು ನಿಂತ ಸದ್ದಾಯಿತು.

ಹರ್ಷಿತಾ ಅಪ್ಪನನ್ನು ಹಜಾರದಲ್ಲಿ ಕೂರಿಸಿ ನೇರ ಅಡುಗೆಮನೆಗೆ ಬಂದಳು. ಅವಳು ಮೊದಲ ಸಲ ಕಂಡ ಮಾದೇಶ ಹೀಗಿದ್ದ: ತಲೆಯಿಂದ ಪಾದದವರೆಗೆ ಬೂದಿ ಬಡಿದ ಕುಂಬಳಕಾಯಿ, ಕಣ್ಣೆರಡು ಮಾತ್ರ ಕಪ್ಪು. ನಮಸ್ಕಾರ ಮಾಡಲು ಕೈ ಖಾಲಿಯಿಲ್ಲದೆ ತಲೆಯನ್ನೇ ಅಲ್ಲಾಡಿಸಿದ. ತಲೆಯಿಂದ ದೂಳು ಉದುರಿತು. ಅವಳು ನಕ್ಕಳು. ಒಳ್ಳೆಯ ನಗು. ಮಾದೇಶನಿಗೆ ಬೆಳಿಗ್ಗೆಯ ಬೈಗುಳ ಅರ್ಧ ಮರೆತುಹೋಯಿತು.

ಅವಳು ಬಾಗಿಲ ಬಳಿಯಿಂದ ಅಂಚಿನ ಮೇಲೆ ಬೆರಳಾಡಿಸುತ್ತ ಬಂದಳು.

“ಇಲ್ಲಿ ಉರುಟಾಗಿದೆ. ಯಾರು ಹೇಳಿದ್ದು?”

“ನಾನೇ ಕಣವ್ವ!” ನಂಜಣ್ಣ ಎದೆ ಉಬ್ಬಿಸಿದ.

“ಈ ಚೌಕದ್ದು?”

“ನಾನು ಕಣ್ ಮಗಾ,” ಎಂದಳು ಮಲ್ಲಾಜಮ್ಮ. “ಆ ದಪ್ಪದ್ದು ನನ್ ಮಗ್ಳುದ್ದು.”

“ಹಾಯ್ ಅತ್ತಿಗೆ!” ಎಂದಿತು ಉಪ್ಪಿನ ಭರಣಿ.

ಹರ್ಷಿತಾ ಮಾದೇಶನ ಮುಂದೆ ಬಗ್ಗಿದಳು. “ನೀವು ಹೇಳಿದ್ದು ಯಾವುದು?”

ಮಾದೇಶ ಕಟ್ಟೆಯ ಉದ್ದಕ್ಕೂ ಹುಡುಕಿದ. ಸಿಂಕಿನ ಪಕ್ಕ ಆ ಗೇಣುದ್ದ ಕಾಣಿಸಿತು, ಮುರುಕು ಹಲ್ಲಿನಂಥ ಅಂಚು. ಇಡೀ ಮನೆಯಲ್ಲಿ ತನ್ನದು ಅಂತ ಉಳಿದಿದ್ದು ಅಷ್ಟೇ. ಗಲ್ಲದಿಂದಲೇ ಅತ್ತ ತೋರಿಸಿದ. “ಅದು...”

“ಅದಾ? ಕರೆಂಟ್ ಓಯ್ತು ಕಣ್ ಮಗಾ!” ಅವ್ವ ಮಧ್ಯೆ ಬಿದ್ದಳು. “ಇಲ್ದಿದ್ರೆ ಅದೂ ಮುಗ್ದೋಗದು. ನೀ ಬರೋ ಒತ್ಗೆ ನೀ ಹೇಳೋದು ಏನೂ ಉಳೀದಂಗೆ ಎಲ್ಲಾ ಮಾಡ್ಸಿಟ್ಟಿರ್ತೀವಿ.”

ಅವಳ ಬೆರಳು ಅಂಚಿನ ಮೇಲೆ ನಿಂತಿತು.

“ಅತ್ತೆ ಬಂದು, ‘ವರ್ಷ ಆದ್ರೂ ಅಂಚು ಮಾಡಿಸಿಲ್ಲ’ ಅಂತ ಬೈದ್ರು,” ಎಂದಳು ಮೆಲ್ಲಗೆ. “ಬರೋಳೇ ಆರಿಸ್ಕೊಳ್ಲಿ ಅಂತ ಬಿಟ್ಟಿದ್ದಾರೇನೋ ಅಂತ ನಂಗನ್ನಿಸ್ತು. ಹಂಗಿದ್ರೆ ಒಪ್ಕೊಂಡೇ ಹೋಗೋಣ ಅಂತ ಬಂದೆ. ಇಲ್ಲಿ ನೋಡಿದ್ರೆ ಒಂದು ಕಲ್ಲಿನ ಅಂಚಿಗೇ ಇಷ್ಟು ಜನ ಯಜಮಾನ್ರು. ನಾಳೆ ನಾನು ಸಾರಿಗೆ ಉಪ್ಪು ಹಾಕೋಕೂ ಪಂಚಾಯ್ತಿ ಸೇರಿಸ್ಬೇಕಾಗುತ್ತೆ. ತಪ್ಪು ತಿಳ್ಕೋಬೇಡಿ.”

ಕಾಫಿಯನ್ನೂ ಕುಡಿಯದೆ ಹೊರಟಳು.

ಮಾದೇಶ ಎದ್ದು ಓಡಬೇಕಿತ್ತು. ಕಾರಿಗೆ ಅಡ್ಡ ನಿಂತು, “ಅದಕ್ಕೇ ಕಣ್ರೀ ನಾನು ಬಿಟ್ಟಿದ್ದು, ಬೇಕಾದ್ರೆ ಈ ಶಶೀನೇ ಕೇಳಿ,” ಅಂತ ಕೂಗಬೇಕಿತ್ತು. ಆದರೆ ಕೈ ಬಿಡಬೇಡಿ ಅಂತ ಶಶಿ ಹೇಳಿದ್ದನಲ್ಲ. ಮಾದೇಶ ಹೇಳಿದ ಮಾತು ಕೇಳುವವನು. ಕಾರು ಬೀದಿ ತಿರುಗುವ ತನಕವೂ ಪಟ್ಟಿ ಹಿಡಿದೇ ಇದ್ದ.

“ನಿಂಗೆ ಸ್ವಂತ ಬುದ್ಧಿ ಅನ್ನೋದೇ ಇಲ್ವೇನ್ಲಾ?” ನಂಜಣ್ಣ ಕುಂಟುತ್ತ ಬಂದು ಗದರಿದ. “ಯಾರ್ ಏನ್ ಹೇಳುದ್ರೂ ಮಾಡುಸ್ಬುಡದಾ?”

“ಬಾಯಿ ಬುಟ್ಟು ಒಂದ್ ಮಾತಾಡ್ನಿಲ್ವಲ್ಲೋ,” ಎಂದು ಅವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

“ಅಣ್ಣ ಮೊದಲಿಂದ್ಲೂ ಅಂಗೇ,” ಎಂದಿತು ಉಪ್ಪಿನ ಭರಣಿ.

ಮಾದೇಶ ಪಟ್ಟಿಯಿಂದ ಕೈ ತೆಗೆದ. ಬಿದ್ದು ಚೂರಾಗಲಿ ಅಂತಲೇ ತೆಗೆದ. ಬೀಳಲಿಲ್ಲ. ಅಂಟು ಕಚ್ಚಿಕೊಂಡಿತ್ತು, ಇನ್ನು ಜನ್ಮಕ್ಕೂ ಬಿಡುವಂಥದ್ದಲ್ಲ.

ಅಷ್ಟರಲ್ಲಿ ಕರೆಂಟು ಬಂತು. ಶಶಿ ಮಿಷನ್ ಎತ್ತಿಕೊಂಡ. ಬೆಳಿಗ್ಗೆಯಿಂದ ಆ ಮನೆಯವರು ಯಾರೂ ಮಾಡದ ಕೆಲಸವನ್ನು ಅವನು ಮಾಡಿದ. ಮಾದೇಶನ ಕಡೆ ತಿರುಗಿ ಕೇಳಿದ.

“ಇದೊಂದು ಗೇಣು ಉಳ್ಕೊಂಡದೆ ಅಣ್ಣ. ಯಾವ ಅಂಚು ಹೊಡೀಲಿ? ನೀವೇ ಹೇಳಿ.”

“ರೌಂಡು!” ಎಂದ ನಂಜಣ್ಣ. “ಚೌಕ!” ಎಂದಳು ಅವ್ವ. ಭರಣಿಯೂ ಏನೋ ಅಂದಿತು.

ಮಾದೇಶ ದೂಳು ಕೊಡವಲೂ ನಿಲ್ಲದೆ, ಮೂವರ ನಡುವೆ ದಾಟಿಕೊಂಡು, ಹಿತ್ತಿಲ ಬಾಗಿಲಿಂದ ಬ್ಯಾರನ್ ಕಡೆ ನಡೆದುಹೋದ.