ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ನಮ್ಮನ್ನೆಲ್ಲ ಅಳಿಸಿದ ‘ಗುಡಿಸು’ ಮಹಾಶಯರಿಗೆ

ಮಾನ್ಯರೇ,

ಸಾನ್ ಇಲ್ದೆಫೊನ್ಸೊ ಊರಿನ ಜನನ, ಮರಣ ಮತ್ತು ವಿವಾಹ ನೋಂದಣಿ ಕಚೇರಿಯ ಗುಮಾಸ್ತೆಯಾದ ನಿಮಿಯಾ ಒವೆಲಾರ್ ಎಂಬ ನಾನು, ಇದೇ ಕಚೇರಿಯ ಹಿಂಕೋಣೆಯಲ್ಲಿ, ನೆಲ ಒರೆಸುವ ಬಟ್ಟೆ ಬಕೆಟ್ಟುಗಳ ಪಕ್ಕದಲ್ಲಿ, ಸರ್ವರ್ ಎಂಬ ಗುಂಯ್‌ಗುಡುವ ಪೆಟ್ಟಿಗೆಯೊಳಗೆ ಬಿಜಯಂಗೈದಿರುವ ತಮಗೆ, ತಮ್ಮ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದನ್ನೂ ಬಿಡದೆ ನಮಸ್ಕರಿಸಿ ಮಾಡಿಕೊಳ್ಳುವ ಬಿನ್ನಹ. ತಾವು ಕ್ಷೇಮವೆಂದು ನಂಬಿದ್ದೇನೆ. ತಮಗೆ ನೆಗಡಿಯಿಲ್ಲ, ಸೊಂಟನೋವಿಲ್ಲ, ಸೋಮವಾರ ಬೆಳಗ್ಗೆ ಬಸ್ಸು ತಪ್ಪುವುದಿಲ್ಲ, ಹಾಗಿರುವಾಗ ಕ್ಷೇಮವಲ್ಲದೆ ಇನ್ನೇನು? ನಾವು ಮಾತ್ರ ತಮ್ಮ ಕೃಪೆಯಿಂದ ಇಲ್ಲವಾಗಿದ್ದೇವೆ. ಇಲ್ಲವಾದವರು ಕಾಗದ ಬರೆಯುವುದು ಅಧಿಕಪ್ರಸಂಗವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಊರವರೂ ಓದಲಿ ಎಂದು ಇದನ್ನು ಮುಂಬಾಗಿಲಲ್ಲಿ ಮದುವೆ ನೋಟಿಸುಗಳ ಪಕ್ಕಕ್ಕೆ ಅಂಟಿಸುತ್ತೇನೆ.

ತಮ್ಮ ಜನನಕ್ಕೆ ನಾನೇ ಸಾಕ್ಷಿ. ನಮ್ಮ ಕಡೆ ಚಳಿಗಾಲವಾದ ಜುಲೈ ತಿಂಗಳಲ್ಲಿ ರಾಜಧಾನಿಯಿಂದ ಇಂಜಿನಿಯರ್ ವಿಲ್ಬೆರ್ತೊ ರೆಕಾಲ್ದೆ ಬಂದಿಳಿದರು, ನಾವು ತರಿಸಿದ ಬಿಸಿ ಚಿಪಾ ರೊಟ್ಟಿಗಳನ್ನು ಒಂದೂ ಉಳಿಯದಂತೆ ತಿಂದರು, ಮೌಸನ್ನು ಮೂಲೆಗೆ ತಳ್ಳಿ, ಕಪ್ಪು ಪರದೆ ತೆರೆದು, ಬರೀ ಕೀಲಿಮಣೆಯಿಂದಲೇ ತಮ್ಮನ್ನು ಸಾಲು ಸಾಲಾಗಿ ಹೆತ್ತರು. “ನೋಡಿ ನಿಮಿಯಾ, ಈ ಚಿತ್ರ, ಬಟನ್ನು, ಕಿಟಕಿ ಎಲ್ಲಾ ಮಕ್ಕಳಾಟ. ಕಮಾಂಡ್‌ಗಳನ್ನ ಒಂದ್ಸಲ ಒಟ್ಟಿಗೆ ಬರೆದಿಟ್ರೆ ಒಂದು ಸ್ಕ್ರಿಪ್ಟ್ ಆಯ್ತು, ‘ಗುಡಿಸು’ ಅಂತ ಹೆಸರಿಟ್ಟಿದ್ದೀನಿ, ಆಮೇಲೆ ಇವನೇ ದಿನಾ ಮಾಡ್ಕೊಂಡು ಹೋಗ್ತಾನೆ. ನೀವು ನನ್ನ ಕರೆಯೋದೂ ಬೇಡ, ನಾನು ಬರೋದೂ ಬೇಡ” ಎಂದರು. ಹೆತ್ತವರ ಬಾಯಲ್ಲಿ ಇಂಥ ಮಾತು ಕೇಳಿ ನನಗೆ ಆಗಲೇ ಒಂದು ಥರವಾಯಿತು, ಆದರೆ ಇಂಜಿನಿಯರಿಗೆ ಎದುರಾಡುವುದು ನಮ್ಮ ಕಚೇರಿಯಲ್ಲಿ ರೂಢಿಯಿಲ್ಲ.

ತಮ್ಮ ದುಡಿಮೆಯ ಬಗ್ಗೆ ಸುಳ್ಳು ಹೇಳಿದರೆ ನಾಲಿಗೆಗೆ ಹುಳ ಬೀಳಲಿ. ಡಿಸ್ಕಿನಲ್ಲಿ ತುಂಬಿದ ಕಸ ಬಳಿಯುವುದು, ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಸರದಿ ಬಿಡಿಸುವುದು, ಕಡತಗಳ ನಕಲು ತೆಗೆದು ರಾಜಧಾನಿಗೆ ಕಳಿಸುವುದು, ಇವೆಲ್ಲ ಮೊದಲು ನಮ್ಮ ಸಹೋದ್ಯೋಗಿ ದೋನ್ ಕ್ರಿಸ್ಪುಲೊ ಅವರ ಒಂದು ಇಡೀ ಬೆಳಗನ್ನೂ ಅವರಿಗೆ ಗೊತ್ತಿದ್ದ ಬೈಗುಳಗಳನ್ನೂ ನುಂಗುತ್ತಿದ್ದವು. ತಾವೋ, ಒಂದು ಕಮಾಂಡ್ ಕೊಟ್ಟದ್ದನ್ನು ಇನ್ನೊಂದರ ಕೈಗೆ, ಅದು ಕೊಟ್ಟದ್ದನ್ನು ಮತ್ತೊಂದರ ಕೈಗೆ ದಾಟಿಸುತ್ತಾ ಕಣ್ಣು ಮಿಟುಕಿಸುವುದರೊಳಗೆ ಮುಗಿಸಿಬಿಡುತ್ತೀರಿ. ಅಷ್ಟಕ್ಕೇ ನಿಲ್ಲಿಸಿದ್ದರೆ ತಮ್ಮ ಫೋಟೋ ಹಾಕಿ ಹೂವು ಏರಿಸುತ್ತಿದ್ದೆವು. ಆದರೆ ವಿಲ್ಬೆರ್ತೊ ತಮಗೆ ಇನ್ನೊಂದು ಕೆಲಸವನ್ನೂ ವಹಿಸಿದ್ದರು: ತೊಂಬತ್ತು ದಿನಗಳಿಂದ ತನ್ನ ಹೆಸರಿನಲ್ಲಿ ಲಾಗಿನ್ ಆಗದವರನ್ನು ಕಚೇರಿ ಬಿಟ್ಟುಹೋದವರೆಂದು ತಿಳಿದು, ಅವರ ಖಾತೆಯನ್ನು, ಅದರೊಳಗೆ ಇಟ್ಟಿರುವುದೆಲ್ಲ ಸೇರಿ ಮನೆಮಠ ಸಮೇತ ಅಳಿಸಿ, ಯಾರು ಉಳಿದರು, ಉಳಿದವರು ಎಷ್ಟು ಕೆಲಸ ಮಾಡಿದರು ಎಂದು ರಾಜಧಾನಿಗೆ ವರದಿ ಕಳಿಸುವುದು. ಅಳಿಸುವ ಮುಂಚೆ ‘ಖಚಿತವೇ?’ ಎಂದು ಕೇಳುವ ದುರಭ್ಯಾಸ ಕಂಪ್ಯೂಟರಿಗೆ ಇತ್ತಂತೆ. ಅದಕ್ಕೆ ‘ಹೌದು’ ಎಂದು ತಾವೇ ಉತ್ತರ ಹೇಳಿಕೊಳ್ಳುವ ಏರ್ಪಾಟನ್ನೂ ಅವರು ಮಾಡಿದರು. ಯಾರಿಗೂ ತೊಂದರೆಯಾಗದಿರಲಿ ಎಂದು, ಇಡೀ ಊರು ಊಟ ಮಾಡಿ ಬಾಗಿಲು ಹಾಕಿಕೊಂಡು ಮಲಗುವ ಹೊತ್ತನ್ನೇ ತಮ್ಮ ಕೆಲಸದ ವೇಳೆಯನ್ನಾಗಿ ಗೊತ್ತುಮಾಡಿದರು.

ಇಲ್ಲಿ ತಮಗೆ ನಮ್ಮ ಕಚೇರಿಯ ಒಂದು ನಡವಳಿಕೆಯನ್ನು ಅರಿಕೆ ಮಾಡಿಕೊಳ್ಳಬೇಕು, ಏಕೆಂದರೆ ತೆರೆರೆ ಕುಡಿಯಲು ತಮಗೆ ಬಾಯಿಲ್ಲ. ತಣ್ಣೀರಿನಲ್ಲಿ ಸೊಪ್ಪು ಹಾಕಿ ಕುಡಿಯುವ ಈ ಪಾನೀಯಕ್ಕೆ ಎಷ್ಟು ಜನರಿದ್ದರೂ ಒಂದೇ ಕೊಂಬಿನ ಲೋಟ, ಒಂದೇ ಕೊಳವೆ. ಒಬ್ಬರು ಸುರಿದು ಕೊಡುತ್ತಾರೆ, ಉಳಿದವರು ಸರದಿಯಂತೆ ಹೀರಿ ವಾಪಸು ಕೊಡುತ್ತಾರೆ. ತನ್ನದೇ ಲೋಟ ತರುವವನನ್ನು ನಾವು ‘ಏನಾಯ್ತಪ್ಪ, ಹುಷಾರಿಲ್ವಾ?’ ಎಂದು ಕೇಳುತ್ತೇವೆ. ನಮ್ಮಲ್ಲಿ ಸುರಿದು ಕೊಡುತ್ತಿದ್ದವರು ನಮ್ಮ ಹಿರಿಯ ಗುಮಾಸ್ತೆ ದೋನ್ಯಾ ತೊಮಾಸಾ ಫ್ರೆತೆಸ್. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಮಂಜುಗಡ್ಡೆಯ ಹೂಜಿಯನ್ನು ಮೇಜಿನ ಮೇಲಿಟ್ಟು, ತೊಮಾಸಾ ಎಂಬ ಹೆಸರಿನಲ್ಲಿ ಕಂಪ್ಯೂಟರ್ ತೆರೆದು ಕೂತರೆ, ಲೋಟದ ಜೊತೆಗೆ ಕೀಲಿಮಣೆಯೂ ನಮ್ಮೆಲ್ಲರ ಕೈಗೆ ಸುತ್ತಿ ಬರುತ್ತಿತ್ತು. ನಾನು ಹೊಸದಾಗಿ ಸೇರಿದಾಗ ನನ್ನ ಹೆಸರಿನಲ್ಲಿ ಬೇರೆ ಕಂಪ್ಯೂಟರ್ ತೆರೆಯಲು ಹೋಗಿದ್ದೆ. “ಅಯ್ಯೋ ಮಾರಾಯ್ತಿ, ಬಂದ ದಿನವೇ ಬೇರೆ ಒಲೆ ಹೂಡ್ತೀಯಲ್ಲೇ! ಬಾ ಇಲ್ಲಿ, ಇದರಲ್ಲೇ ಬರೆದುಹಾಕು” ಎಂದು ಕೈಹಿಡಿದು ಕೂರಿಸಿಕೊಂಡರು. ಅಂದಿನಿಂದ ನಾನು ಬರೆದ ಪ್ರತಿ ಮಗುವಿನ ಜನನವೂ ಪ್ರತಿ ಜೋಡಿಯ ಮದುವೆಯೂ ತಮ್ಮ ಪೆಟ್ಟಿಗೆಯಲ್ಲಿ ಆಕೆಯ ಹೆಸರಿನಲ್ಲಿದೆ.

ಈ ವರ್ಷ ಈಸ್ಟರಿಗೆ ಮುಂಚೆ ದೋನ್ಯಾ ತೊಮಾಸಾ ತೀರಿಕೊಂಡರು. ಹೂಜಿಯನ್ನು ದೋನ್ ಕ್ರಿಸ್ಪುಲೊ ವಹಿಸಿಕೊಂಡರು. ಖಾತೆಯ ಬಗ್ಗೆ ಯಾರೂ ಏನೂ ತೀರ್ಮಾನ ಮಾಡಲಿಲ್ಲ, ಆಕೆಯ ಹೆಸರಿನಲ್ಲೇ ಕೆಲಸ ಮುಂದುವರಿಸಿದೆವು. ಬೆಳಗ್ಗೆ ಪರದೆಯ ಮೇಲೆ ‘ಸ್ವಾಗತ, ತೊಮಾಸಾ’ ಎಂದು ಬರುವುದನ್ನು ನೋಡಿದರೆ ನನಗೆ ಸಮಾಧಾನವಾಗುತ್ತಿತ್ತು, ಇದನ್ನು ತಮ್ಮಂಥ ದೊಡ್ಡವರ ಮುಂದೆ ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

ತಮ್ಮ ಕರ್ತವ್ಯದ ಮೊದಲ ದಿನವೇ, ನಾವು ಮನೆಗಳಲ್ಲಿ ಗೊರಕೆ ಹೊಡೆಯುತ್ತಿರುವಾಗ, ಈ ಕಚೇರಿಯ ಬದುಕಿದ್ದವರನ್ನೆಲ್ಲ ಗುಡಿಸಿ ಹಾಕಿ, ತೀರಿಕೊಂಡ ಒಬ್ಬರನ್ನು ಮಾತ್ರ ಉಳಿಸಿಕೊಂಡಿರಿ. ನಮ್ಮ ನಮ್ಮ ಹೆಸರಿನಲ್ಲಿದ್ದ ಖಾತೆಗಳನ್ನು ನಾವು ಮುಟ್ಟಿಯೇ ಇರಲಿಲ್ಲವಾದ್ದರಿಂದ ಅಳಿದದ್ದೂ ನಮಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ಈ ತಿಂಗಳು, ರಾಜಧಾನಿಯಿಂದ ಪತ್ರ ಬಂದಾಗ. ಒಬ್ಬರೇ ಇಡೀ ಕಚೇರಿಯ ಕೆಲಸವನ್ನು ನಿಭಾಯಿಸುತ್ತಿರುವ ಶ್ರೀಮತಿ ತೊಮಾಸಾ ಅವರಿಗೆ ಅದರಲ್ಲಿ ಅಭಿನಂದನೆ ಇತ್ತು. ಒಂದು ಮದುವೆಯನ್ನೂ ಒಂದು ಜನನವನ್ನೂ ದಾಖಲಿಸದ ಉಳಿದವರ ಹುದ್ದೆಗಳನ್ನು ರದ್ದುಮಾಡಲಾಗುವುದು, ತಿಂಗಳ ಕೊನೆಗೆ ‘ಗುಡಿಸು’ ಕಳಿಸುವ ವರದಿಯೇ ಅಂತಿಮ ಎಂದೂ ಇತ್ತು. ದೋನ್ ಕ್ರಿಸ್ಪುಲೊ ಓದಿ, “ಅಲ್ಲ ಕಣಮ್ಮ, ಬದುಕಿದ್ದಾಗ ಆ ಪುಣ್ಯಾತ್ಗಿತ್ತಿಗೆ ಒಂದು ಬಡ್ತಿ ಕೊಡ್ಲಿಲ್ಲ ಇವರು” ಎಂದರು. ನನಗೆ ನಗು ಬರಲಿಲ್ಲ. ಮದುವೆ, ಮನೆ, ಮಕ್ಕಳು ಎಂದು ನನಗೆ ಬೇರೆ ಏನೂ ಇಲ್ಲ. ಇರುವುದು ಈ ಕುರ್ಚಿ, ಈ ಊರಿನ ಅರ್ಧಕ್ಕರ್ಧ ಮಕ್ಕಳ ಹೆಸರನ್ನು ನನ್ನ ಕೈಯಾರೆ ಬರೆದ ಸಂತೋಷ. ಅದನ್ನು ಬರೆದವಳು ನಾನೇ ಎನ್ನಲು ತಮ್ಮ ಪೆಟ್ಟಿಗೆಯಲ್ಲಿ ಒಂದು ಗೀರೂ ಇಲ್ಲ.

ಆಕೆ ತೀರಿಕೊಂಡಿದ್ದಾರೆ ಎಂದು ನಾವು ರಾಜಧಾನಿಗೆ ಬರೆಯಲಿಲ್ಲವೆಂದು ತಾವು ತಿಳಿಯಬಾರದು. ಬರೆದೆವು, ಮರಣಪತ್ರವನ್ನೂ ಲಗತ್ತಿಸಿದೆವು. ಆ ಮರಣವನ್ನು ನೋಂದಾಯಿಸಿದವಳೂ ನಾನೇ, ಮೂಗು ಒರೆಸಿಕೊಳ್ಳುತ್ತಾ, ಎಂದಿನ ಕಂಪ್ಯೂಟರಿನಲ್ಲಿ. ಹಾಗಾಗಿ ಮೃತರ ಹೆಸರು ತೊಮಾಸಾ ಫ್ರೆತೆಸ್ ಎಂದೂ ನೋಂದಾಯಿಸಿದ ಸಿಬ್ಬಂದಿ ತೊಮಾಸಾ ಫ್ರೆತೆಸ್ ಎಂದೂ ಇದೆ. ಸಿಬ್ಬಂದಿ ತಮ್ಮ ಮರಣವನ್ನು ತಾವೇ ನೋಂದಾಯಿಸಲು ನಿಯಮದಲ್ಲಿ ಅವಕಾಶವಿಲ್ಲವಾದ್ದರಿಂದ ಸದರಿ ಮರಣವನ್ನು ಮಾನ್ಯ ಮಾಡಲಾಗದು ಎಂದು ಉತ್ತರ ಬಂತು.

ಹೊಸ ಖಾತೆ ಕೇಳಿದೆ. ತಮ್ಮ ಅಣ್ಣನವರಾದ ‘ಸೇರಿಸು’ ಎಂಬ ಇನ್ನೊಂದು ಸ್ಕ್ರಿಪ್ಟ್, ರಾಜಧಾನಿಯಿಂದ ಹೆಸರು ಬಂದ ಕೂಡಲೇ ತಾನೇ ತಾನಾಗಿ ಖಾತೆ ತೆರೆಯುತ್ತಾರಂತೆ, ತೆರೆದರು. ಊಟದ ಹೊತ್ತಾಗಿತ್ತು, ಮಲಗಿ ಎದ್ದು ಬಂದು ಲಾಗಿನ್ ಆದರಾಯಿತೆಂದು ಮನೆಗೆ ಹೋದೆ. ನಾನು ದಿಂಬಿಗೆ ತಲೆಯಿಟ್ಟ ಹೊತ್ತಿಗೆ ತಾವು ಎದ್ದಿರಿ. ಒಮ್ಮೆಯೂ ಲಾಗಿನ್ ಆಗದವರು ಕೊನೆಯ ಬಾರಿ ಬಂದದ್ದು ಸಾವಿರದ ಒಂಬೈನೂರ ಎಪ್ಪತ್ತರಲ್ಲಿ ಎಂದು ತಮ್ಮ ಲೆಕ್ಕವಂತೆ, ಕಂಪ್ಯೂಟರಿನ ಕಾಲ ಶುರುವಾಗುವುದೇ ಆ ವರ್ಷದಿಂದಂತೆ. ಆಗ ನನ್ನ ತಾಯಿಗೆ ನನ್ನ ತಂದೆಯ ಪರಿಚಯವೂ ಆಗಿರಲಿಲ್ಲ, ಆದರೂ ನಾನು ಅಂದಿನಿಂದ ಕೆಲಸಕ್ಕೆ ಚಕ್ಕರ್ ಹೊಡೆಯುತ್ತಿರುವವಳೆಂದು ತೀರ್ಮಾನಿಸಿ, ಬೆಳಗ್ಗೆ ಹುಟ್ಟಿದ ನನ್ನನ್ನು ಮಧ್ಯಾಹ್ನ ಅಳಿಸಿದಿರಿ. ಮತ್ತೆ ಕೇಳಿದ್ದಕ್ಕೆ, ಒಬ್ಬರಿಗೆ ವರ್ಷಕ್ಕೆ ಒಂದೇ ಖಾತೆ ಎಂಬ ಜವಾಬು ಬಂತು.

ಕೊನೆಗೆ ವಿಲ್ಬೆರ್ತೊ ಅವರಿಗೇ ಫೋನು ಮಾಡಿದೆ. ರಜೆಯ ಮೇಲೆ ನದಿ ದಡದಲ್ಲಿ ಗಾಳ ಹಾಕಿಕೊಂಡು ಕೂತಿದ್ದರು. “ಅವನು ಹೇಳಿದ್ದನ್ನ ಹೇಳಿದ ಹಾಗೆ ಮಾಡ್ತಾನೆ ನಿಮಿಯಾ, ಪಾಪ ಅವನ ಮೇಲೆ ಯಾಕೆ ಸಿಟ್ಟು? ನಾನು ಲಾಗಿನ್ ಆಗೋ ಅಗತ್ಯಾನೂ ಇಲ್ಲ, ನೀವೇ ಟೈಪ್ ಮಾಡಿ. ತೊಮಾಸಾ ಖಾತೆಗೆ ಎಲ್ಲ ಅಧಿಕಾರ ಇದೆ” ಎಂದು ಕಪ್ಪು ಪರದೆ ತೆರೆಸಿದರು. ಮೊದಲು ಯಾರು ಯಾವಾಗ ಬಂದಿದ್ದರೆಂದು ತೋರಿಸುವ ಕಮಾಂಡ್ ಹೊಡೆಸಿದರು. ಆಮೇಲೆ ಇನ್ನೊಂದು ಸಾಲು ಬರೆಸಿ, “ಈಗ ಎಂಟರ್ ಒತ್ತಿ. ತೊಮಾಸಾ ಅಂತ ಎಲ್ಲೆಲ್ಲಿದೆಯೋ ಅಲ್ಲೆಲ್ಲ ನಿಮಿಯಾ ಅಂತ ಆಗ್ಬಿಡತ್ತೆ. ಎಲ್ಲ ಕೆಲಸ ನಿಮ್ಮ ಹೆಸರಿಗೆ, ನಿಮ್ಮ ಹುದ್ದೆ ಭದ್ರ. ಒಂದೇ ಸಾಲು!” ಎಂದರು.

ಬೆರಳು ಎಂಟರಿನ ಮೇಲೆ ಇಟ್ಟುಕೊಂಡು ಯೋಚಿಸಿದೆ. ಆಕೆಯ ಮೇಲಿನ ಪ್ರೀತಿಗೆ ಊರಿನಲ್ಲಿ ತೊಮಾಸಾ ಎಂದು ಹೆಸರಿಟ್ಟುಕೊಂಡ ಹುಡುಗಿಯರೆಲ್ಲ ನಿಮಿಯಾಗಳಾಗುತ್ತಾರೆ. ಸಂತ ತೊಮಾಸಾ ಬೀದಿಯವರೆಲ್ಲ ನನ್ನ ಬೀದಿಗೆ ಬಂದುಬಿಡುತ್ತಾರೆ, ನಾನು ಸಂತಳಾಗುತ್ತೇನೆ. ಆ ಮರಣಪತ್ರದಲ್ಲಿ ಮೃತಳೂ ನಾನು, ನೋಂದಾಯಿಸಿದವಳೂ ನಾನು ಎಂದಾಗುತ್ತದೆ. ಇದೆಲ್ಲ ಇರಲಿ, ಆಕೆ ಜೀವಮಾನವಿಡೀ ಬರೆದದ್ದನ್ನು ಒಂದು ಗುಂಡಿ ಒತ್ತಿ ನನ್ನದೆಂದು ಮಾಡಿಕೊಂಡು ಕುರ್ಚಿ ಉಳಿಸಿಕೊಳ್ಳುವುದು ನನ್ನಿಂದ ಆಗಲಿಲ್ಲ. ದೋನ್ ಕ್ರಿಸ್ಪುಲೊ ಅವರನ್ನು ಬೀದಿಗೆ ಬಿಟ್ಟು ಉಳಿಯುವುದೂ ಆಗಲಿಲ್ಲ. “ಬೇಡ ಸ್ವಾಮಿ” ಎಂದೆ. “ನಿಮ್ಮಿಷ್ಟ, ಮೀನು ಕಚ್ತು” ಎಂದು ಅವರು ಫೋನಿಟ್ಟರು.

ಆದ್ದರಿಂದ ತಮ್ಮಲ್ಲಿ ನೇರವಾಗಿ ಪ್ರಾರ್ಥನೆ. ಅಳಿಸುವ ಮುನ್ನ ಒಂದು ಸಲ ಕೆಮ್ಮಿ ಬಾಗಿಲು ತಟ್ಟುವ ಕೃಪೆ ಮಾಡಬೇಕು. ತಾವೂ ಎಲ್ಲರಂತೆ ಊಟದ ನಂತರ ಮಲಗುವ ಅಭ್ಯಾಸ ಮಾಡಿಕೊಂಡರೆ ಈ ದೇಶದ ಎಷ್ಟೋ ಜನ ಬದುಕಿಕೊಳ್ಳುತ್ತಾರೆ. ತಮಗೊಂದು ಹಗ್ಗದ ತೂಗುಮಂಚವನ್ನು ಹಿಂಕೋಣೆಯಲ್ಲಿ ಕಟ್ಟಿಕೊಡಲು ಸಿದ್ಧರಿದ್ದೇವೆ. ದೋನ್ಯಾ ತೊಮಾಸಾ ಅವರನ್ನು ಹೇಗೂ ತಾವು ಬಿಟ್ಟುಕೊಡುವವರಲ್ಲ, ಆಕೆಯನ್ನು ರಾಜಧಾನಿಗೆ ಮಹಾನಿರ್ದೇಶಕಿಯಾಗಿ ಶಿಫಾರಸು ಮಾಡಬೇಕು, ಏಕೆಂದರೆ ರಜೆ ಕೇಳದ, ಯಾರನ್ನೂ ಗದರದ ಮೇಲಧಿಕಾರಿಯನ್ನು ನಾವು ಈ ಸೇವೆಯಲ್ಲಿ ಇದುವರೆಗೆ ಕಂಡಿಲ್ಲ. ಇನ್ನು ಮುಂದೆ ತಮ್ಮ ವರದಿಯಲ್ಲಿ ನಮ್ಮನ್ನು ‘ಇಲ್ಲ’ ಎಂದು ಬರೆಯುವ ಬದಲು ‘ಮಲಗಿದ್ದಾರೆ’ ಎಂದು ಬರೆದರೆ ಸತ್ಯಕ್ಕೂ ಹತ್ತಿರ, ಮರ್ಯಾದೆಗೂ ಹತ್ತಿರ.

ಇಂತು, ತಾವು ಅಳಿಸಿದ ಮೇಲೂ ದಿನಾ ಬಸ್ಸು ಹಿಡಿದು ಕೆಲಸಕ್ಕೆ ಬರುತ್ತಿರುವ,
ತಮ್ಮ ವಿಶ್ವಾಸಿ,
ನಿಮಿಯಾ ಒವೆಲಾರ್

ತಾ.ಕ.: ಯಾರು ಯಾವಾಗ ಬಂದಿದ್ದರೆಂಬ ಆ ಪಟ್ಟಿಯಲ್ಲಿ ಎರಡೇ ಹೆಸರುಗಳಿದ್ದವು. ಒಂದು ದೋನ್ಯಾ ತೊಮಾಸಾ, ಇವತ್ತು. ಇನ್ನೊಂದು ಇಂಜಿನಿಯರ್ ವಿಲ್ಬೆರ್ತೊ, ತಮ್ಮನ್ನು ಬರೆದು ಮುಗಿಸಿದ ದಿನ. ಅವರ ತೊಂಬತ್ತು ದಿನ ನಿನ್ನೆಗೆ ತುಂಬಿದೆ. ತಾವು ವಾಸವಾಗಿರುವುದು ಅವರ ಖಾತೆಯೊಳಗೇ, ಖಾತೆಯನ್ನು ತಾವು ಅಳಿಸುವುದು ಮನೆಮಠ ಸಮೇತ ಎಂಬುದನ್ನು ನಾನು ಬಲ್ಲೆ. ರಾಜಧಾನಿಯ ಪತ್ರವನ್ನೂ ಮತ್ತೊಮ್ಮೆ ಓದಿ ನೋಡಿದೆ. ತಮ್ಮಿಂದ ವರದಿ ಬಾರದೆ ಯಾವ ಹುದ್ದೆಯನ್ನೂ ರದ್ದು ಮಾಡುವಂತಿಲ್ಲವಂತೆ. ಈಗ ಊಟದ ಹೊತ್ತು, ಬಾಗಿಲು ಹಾಕಿಕೊಂಡು ನಾವು ಮನೆಗೆ ಹೊರಟಿದ್ದೇವೆ. ತಮ್ಮ ಕರ್ತವ್ಯಕ್ಕೆ ಅಡ್ಡಿಯಾಗಬಾರದೆಂದು ವಿಲ್ಬೆರ್ತೊ ಅವರಿಗೆ ಯಾರೂ ಫೋನು ಮಾಡಿಲ್ಲ.