ರಾಕ್ಷಸರನ್ನು ಬರೆಯುವ ಕ್ರಮ

ನಮ್ಮ ಮನೆಯಲ್ಲಿ ಊಟದ ಮೇಜು ಅಂತ ಒಂದಿದೆ. ಅದರ ಮೇಲೆ ಊಟವೊಂದನ್ನು ಬಿಟ್ಟು ಬೇರೆಲ್ಲ ನಡೆಯುತ್ತದೆ. ಸದ್ಯಕ್ಕೆ ಅಲ್ಲೊಂದು ಸಾಮ್ರಾಜ್ಯವಿದೆ. ಎರಡು ಪರ್ವತ, ಒಂದು ಶಾಪಗ್ರಸ್ತ ಕಾಡು, ಮತ್ತು ಸರಿಯಾಗಿ ನಾನು ಕೂರುತ್ತಿದ್ದ ಜಾಗದಲ್ಲಿ ಒಂದು ಕೆಸರಿನ ಹೊಂಡ. ದೊಡ್ಡ ಕಾಗದದ ಮೇಲೆ ಬಣ್ಣದ ಪೆನ್ಸಿಲ್ಲಿನಲ್ಲಿ ಬರೆದ ಈ ನಕ್ಷೆಯನ್ನು ಮಡಿಸುವ ಹಾಗಿಲ್ಲ, ಸರಿಸುವ ಹಾಗಿಲ್ಲ, ಅದರ ಹತ್ತಿರ ನೀರಿನ ಲೋಟ ತರುವ ಹಾಗಿಲ್ಲ. ಆದ್ದರಿಂದ ಈ ಮನೆಯ ಯಜಮಾನರು (ನಾನೇ) ಬಟ್ಟೆ ಒಗೆಯುವ ಮಷಿನ್ನಿನ ಮೇಲೆ ತಟ್ಟೆ ಇಟ್ಟುಕೊಂಡು, ನಿಂತೇ ಊಟ ಮಾಡುತ್ತಾರೆ. ಮಷಿನ್ ತಿರುಗುತ್ತಿದ್ದರೆ ಊಟ ತಾನಾಗಿಯೇ ಕಲಸಿಕೊಳ್ಳುತ್ತದೆ, ಅದೊಂದು ಅನುಕೂಲ.

ಇದಕ್ಕೆಲ್ಲ ಕಾರಣ ನನ್ನ ಹೆಂಡತಿ ಮತ್ತವಳ ಬಳಗ ಸೇರಿ ತಯಾರಿಸುತ್ತಿರುವ ಒಂದು ಆಟ. ನಾಲ್ಕು ಜನ ಮೇಜಿನ ಸುತ್ತ ಕೂತು, ನೀನು ಮಾಂತ್ರಿಕ, ನಾನು ಸೇನಾಪತಿ ಎಂದು ಪಾತ್ರ ಹಂಚಿಕೊಂಡು, ದಾಳ ಉರುಳಿಸುತ್ತ, ರಾಕ್ಷಸರ ಜೊತೆ ಬಾಯಲ್ಲೇ ಯುದ್ಧ ಮಾಡುವುದು. (ಬಾಯಲ್ಲಿ ಯುದ್ಧ ಮಾಡಲು ನನ್ನ ಹೆಂಡತಿಗೆ ಇನ್ನೂ ಮೂರು ಜನರ ನೆರವು ಬೇಕೆಂಬುದು ನನಗೆ ಹೊಸ ಸುದ್ದಿ.) ಈ ಆಟದ ಪುಸ್ತಕವನ್ನು ತಾವೇ ಬರೆದು, ಲೋಕಕ್ಕೆಲ್ಲ ಬಿಟ್ಟಿಯಾಗಿ ಹಂಚುವುದು ಅವರ ಮಹಾಸಂಕಲ್ಪ. ಯಾರಿಗೂ ಬಿಡಿಗಾಸಿಲ್ಲ. ಸಂಬಳ ಕೊಟ್ಟರೆ ಜನ ಸಂಜೆಯಾದರೂ ಮನೆಗೆ ಹೋಗುತ್ತಾರೆ. ಸೇವೆ ಎಂದರೆ ಹೋಗುವುದೇ ಇಲ್ಲ.

ಲೇಖಕರ ಪ್ರತಿಭೆಯ ಬಗ್ಗೆ ಎರಡು ಮಾತು ಹೇಳಬೇಕು. ಒಬ್ಬರು ಹಲ್ಲಿನ ಡಾಕ್ಟರಮ್ಮ. ಅವರ ರಾಕ್ಷಸರಿಗೆ ಒಂದೊಂದು ಹಲ್ಲಿನ ವರ್ಣನೆಯೂ ಇರುತ್ತದೆ, ಕಾಲಿದೆಯೋ ಇಲ್ಲವೋ ದೇವರಿಗೇ ಗೊತ್ತು. ಇನ್ನೊಬ್ಬರು ಲಿಫ್ಟ್ ರಿಪೇರಿಯವರು. ಅವರ ಗುಹೆಗಳಲ್ಲಿ ಏನೇ ಆದರೂ ಮೇಲಿನಿಂದ ಕೆಳಕ್ಕೆ ಬಿದ್ದೇ ಆಗುತ್ತದೆ. ಮೂರನೆಯವನು ನನ್ನ ಭಾವಮೈದ. ಅವನ ಪ್ರತಿಯೊಂದು ಪ್ರಾಣಿಯೂ 'ವರ್ಣಿಸಲಸಾಧ್ಯವಾದಷ್ಟು ಭೀಕರ'. ಆದ್ದರಿಂದ ಅವನು ವರ್ಣಿಸುವುದಿಲ್ಲ. ಮೂವರೂ ಪ್ರತಿ ಭಾನುವಾರ ನನ್ನ ಮೇಜಿನ ಸುತ್ತ ಕೂತು, ಯಾರ ಬರವಣಿಗೆ ಸರಿ ಎಂದು ಕಿತ್ತಾಡುತ್ತಾರೆ. ನನ್ನ ಹೆಂಡತಿ ನ್ಯಾಯಾಧೀಶೆ, ನಾನು ಬಾಗಿಲಲ್ಲಿ ನಿಂತ ಪ್ರೇಕ್ಷಕ.

"ಒಂದೇ ಒಂದು ದಿನ ಕೂತು ಊಟ ಮಾಡ್ತೀನಿ ಕಣೇ," ಎಂದು ನಾನು ಅಂಗಲಾಚಿದೆ.

"ಕೂತ್ಕೊಳ್ಳಿ, ಯಾರು ಬೇಡ ಅಂದ್ರು? ಸೋಫಾ ಇಲ್ವಾ?"

"ಸೋಫಾ ಮೇಲೆ ನಿನ್ನ ತಮ್ಮನ ರಾಕ್ಷಸರು ಒಣಗ್ತಿದಾರೆ."

"ಬಣ್ಣ ಹಸಿ ಇದೆ ರೀ, ಮುಟ್ಟಬೇಡಿ ಮತ್ತೆ."

ನನಗೆ ಹೊಟ್ಟೆ ಉರಿದುಹೋಯಿತು. ಸ್ವಂತ ಮನೆ, ಸ್ವಂತ ಮೇಜು, ಹಸಿವೂ ಸ್ವಂತದ್ದೇ. ಆದರೆ ಜಗಳವಾಡಿ ಈ ಮನೆಯಲ್ಲಿ ಗೆದ್ದವರಿಲ್ಲ. ಆಗ ನನ್ನ ವೃತ್ತಿ ನೆನಪಾಯಿತು.

ನಾನು ವಿಮಾ ಕಚೇರಿಯಲ್ಲಿದ್ದೇನೆ. ಪರಿಹಾರ ಕೇಳಿ ಬಂದವರಿಗೆ ಕೊಡುವ ಸೂಚನೆಗಳನ್ನು ಬರೆಯುವುದು ನನ್ನ ಕೆಲಸ. ಅದರಲ್ಲಿ ನನ್ನದು ಎತ್ತಿದ ಕೈ. 'ಇಲ್ಲ' ಎಂಬ ಪದವನ್ನೇ ಬಳಸದೆ, ಬರೀ ನಿಯಮ ಹೇಳುತ್ತ ಹೋಗುತ್ತೇನೆ. ಓದಿ ಮುಗಿಸುವ ಹೊತ್ತಿಗೆ ಅರ್ಧ ಜನ ತಮ್ಮ ಮನೆ ಸುಟ್ಟೇ ಇಲ್ಲ ಎಂದು ಸಮಾಧಾನ ಮಾಡಿಕೊಂಡು ವಾಪಸು ಹೋಗುತ್ತಾರೆ. ಸಂಬಳವಿಲ್ಲದೆ ದುಡಿಯುವ ಈ ಮೂವರು ನನ್ನ ನಿಯಮಗಳ ಮುಂದೆ ಎಷ್ಟು ದಿನ ನಿಂತಾರು?

ರಜೆ ಹಾಕಿ ಕೂತು ಬರೆದೆ. 'ಆಟದ ಪುಸ್ತಕಕ್ಕೆ ಶೈಲಿಯ ನಿಯಮಾವಳಿ'. ಭೀಕರ, ಘೋರ, ಭಯಂಕರ ಮುಂತಾದ ಪದಗಳು ನಿಷಿದ್ಧ. ಪ್ರತಿ ರಾಕ್ಷಸನಿಗೂ ಏನು ಬೇಕು, ಯಾವುದಕ್ಕೆ ಹೆದರುತ್ತಾನೆ, ಕೊಲ್ಲದೆ ಅವನನ್ನು ಸಾಗಹಾಕುವುದು ಹೇಗೆ, ಇಷ್ಟನ್ನೂ ಹೇಳಲೇಬೇಕು. ಕೊನೆಗೆ ಬ್ರಹ್ಮಾಸ್ತ್ರ: ಲೇಖಕರು ಕಣ್ಣಾರೆ ಕಾಣದ ಯಾವ ಗುಣವನ್ನೂ ರಾಕ್ಷಸನಿಗೆ ಹಚ್ಚುವಂತಿಲ್ಲ. (ರಾಕ್ಷಸನನ್ನು ಕಣ್ಣಾರೆ ಕಂಡವರು ಯಾರಿದ್ದಾರೆ? ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ, ಬೇರೆ ಯಾರೂ ತಟ್ಟುವ ಸೂಚನೆ ಇರಲಿಲ್ಲ.)

ಭಾನುವಾರ ನಿಯಮಾವಳಿಯನ್ನು ಓದಿ ಹೇಳಿದೆ. ಮೂವರೂ ಮುಖ ಮುಖ ನೋಡಿಕೊಂಡರು. ಇನ್ನೇನು ಗಂಟುಮೂಟೆ ಕಟ್ಟುತ್ತಾರೆ ಎಂದುಕೊಂಡೆ.

"ಭಾವ," ಎಂದ ಭಾವಮೈದ, ಗದ್ಗದಿತನಾಗಿ. "ಇಷ್ಟು ದಿನ ನಮಗೆ ಇದನ್ನ ಯಾರೂ ಹೇಳ್ಕೊಟ್ಟಿರ್ಲಿಲ್ಲ."

"ನಾವು ಸುಮ್ನೆ ಜಗಳ ಆಡ್ತಿದ್ವಿ ಸರ್," ಎಂದರು ಲಿಫ್ಟ್‌ನವರು. "ಇನ್ಮೇಲೆ ನೀವೇ ಸಂಪಾದಕರು."

ಡಾಕ್ಟರಮ್ಮ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೆಂಡತಿ ಮಾತ್ರ ಕೊನೆಯ ನಿಯಮದ ಮೇಲೆ ಬೆರಳಿಟ್ಟು ಇನ್ನೊಂದು ಸಲ ಓದಿದಳು. ಆಗಲೇ ನಾನು ಕಾಲಿಗೆ ಬುದ್ಧಿ ಹೇಳಬೇಕಿತ್ತು. ಆದರೆ ಸಂಪಾದಕ ಅನ್ನಿಸಿಕೊಂಡ ಗಂಡಸಿಗೆ ಕಾಲು ಎಲ್ಲಿದೆ ಎಂಬುದೇ ಮರೆತುಹೋಗುತ್ತದೆ.

ಮುಂದಿನ ವಾರ ಬಳಗದ ಕಳೆಯೇ ಬೇರೆ. ಡಾಕ್ಟರಮ್ಮ ಬಾಯಿ ತೆರೆಯಲೊಪ್ಪದೆ ಕುರ್ಚಿಯನ್ನು ಬಿಗಿಯಾಗಿ ಹಿಡಿದು ಕೂರುವ ದೈತ್ಯನನ್ನು ತಂದಿದ್ದರು. ಲಿಫ್ಟ್‌ನವರ ಪಿಶಾಚಿ ಒಂದೇ ಗುಂಡಿಯನ್ನು ಹತ್ತು ಸಲ ಒತ್ತುತ್ತಿತ್ತು. ನಿಜ ಹೇಳುತ್ತೇನೆ, ಓದಲು ಮಜವಾಗಿತ್ತು. ಆಮೇಲೆ ಹೆಂಡತಿ ಒಂದು ಹಾಳೆ ಕೊಟ್ಟಳು. ನಾನು ಗಟ್ಟಿಯಾಗಿ ಓದಿದೆ.

"ಇದು ಬಾಗಿಲಲ್ಲಿ ವಾಸಿಸುತ್ತದೆ. ಒಳಗೂ ಬರುವುದಿಲ್ಲ, ಹೊರಗೂ ಹೋಗುವುದಿಲ್ಲ. ಇದಕ್ಕೆ ಬೇಕಾದದ್ದು ಒಂದು ಕುರ್ಚಿ. ದಾಳಿಗೆ ಮೊದಲು ಗಂಟಲು ಸರಿಮಾಡಿಕೊಳ್ಳುತ್ತದೆ. ಪಾತ್ರೆ ತೊಳೆಯುವ ಸದ್ದು ಕೇಳಿದರೆ ಹೆದರಿ ಅದೃಶ್ಯವಾಗುತ್ತದೆ. ಕೊಲ್ಲುವ ಅಗತ್ಯವಿಲ್ಲ. ಅಭಿಪ್ರಾಯ ಕೇಳಿದರೆ ಸಾಕು, ಬಂದ ಕೆಲಸವನ್ನೇ ಮರೆತುಬಿಡುತ್ತದೆ."

"ಅದ್ಭುತ," ಎಂದೆ. "ಎಂಥ ದರಿದ್ರ ಪ್ರಾಣಿ ಕಣೇ. ಕಣ್ಣಿಗೆ ಕಟ್ಟಿದ ಹಾಗಿದೆ. ಇಂಥದ್ದನ್ನ ಎಲ್ಲಿ ನೋಡಿದೆ?"

ಭಾವಮೈದ ಮೇಜಿನ ಕೆಳಗೆ ದಾಳ ಹುಡುಕತೊಡಗಿದ. ದಾಳ ಮೇಜಿನ ಮೇಲೇ ಇತ್ತು.

"ನಿಯಮ ನಿಮ್ಮದೇ ಅಲ್ವಾ ರೀ," ಎಂದಳು ಹೆಂಡತಿ. "ದಿನಾ ನೋಡ್ತೀನಿ. ಅದನ್ನೇ ಬರೆದೆ."

ನಾನು ಗಂಟಲು ಸರಿಮಾಡಿಕೊಂಡೆ. ಮೂವರೂ ಒಟ್ಟಿಗೆ ನನ್ನನ್ನು ನೋಡಿದರು. ಆಗ ಹೊಳೆಯಿತು. ನನಗೆ ಅವಮಾನವಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ನೆತ್ತಿಗೇರಿತು. ನೆಟ್ಟಗೆ ಅಡುಗೆಮನೆಗೆ ಹೋಗಿ, ತಟ್ಟೆ ತುಂಬ ಬಡಿಸಿಕೊಂಡು ಬಂದು, ಸಾಮ್ರಾಜ್ಯದ ನಟ್ಟನಡುವೆ ಇಟ್ಟು, ಕುರ್ಚಿ ಎಳೆದು ಕೂತೆ.

"ಇವತ್ತು ಇಲ್ಲೇ ಊಟ. ಯಾರು ಏನೇ ಅಂದ್ರೂ ಅಷ್ಟೇ."

"ಮಾಡಿ ಸರ್, ಮಾಡಿ," ಎಂದರು ಡಾಕ್ಟರಮ್ಮ. "ಅಂದಹಾಗೆ, ನನ್ನ ದೈತ್ಯ ಸ್ವಲ್ಪ ಉದ್ದ ಆಯ್ತೇನೋ. ನಿಮ್ಮ ಅಭಿಪ್ರಾಯ?"

ಅಹಾ, ಎಷ್ಟು ಜಾಣರು. ನಾನೇನು ಅಷ್ಟು ದಡ್ಡನೇ? ಬಾಯಿಗೆ ಬೀಗ ಹಾಕಿಕೊಂಡು ಮೊದಲ ತುತ್ತು ಕಲಸಿದೆ.

"ಬಿಡಿ ಡಾಕ್ಟ್ರೇ, ಪಾಪ ಊಟ ಮಾಡ್ಲಿ," ಎಂದಳು ಹೆಂಡತಿ. "ನಾವೇ ಎಲ್ಲೋ ಒಂದು ಕಡೆ ಕತ್ತರಿಸೋಣ."

"ಎಲ್ಲೋ ಒಂದು ಕಡೆ?" ತುತ್ತು ಕೈಯಲ್ಲೇ ನಿಂತಿತು. "ಎಲ್ಲೋ ಒಂದು ಕಡೆ ಕತ್ತರಿಸೋಕೆ ಇದೇನು ಬಟ್ಟೆಯಾ? ಕೊಡಿ ಇಲ್ಲಿ."

ಕೈ ಒರೆಸಿಕೊಂಡು ಹಾಳೆ ಕಿತ್ತುಕೊಂಡೆ. ದೈತ್ಯ ಕುರ್ಚಿ ಹಿಡಿಯುವ ಮೊದಲು ಹೆದರಬೇಕೋ, ಹಿಡಿದ ಮೇಲೆ ಹೆದರಬೇಕೋ ಎಂಬ ಮೂಲಭೂತ ಪ್ರಶ್ನೆಯಿತ್ತು. ಪಿಶಾಚಿಯ ವಿಷಯದಲ್ಲೂ ನನ್ನದೊಂದು ತಕರಾರಿತ್ತು. ನಕ್ಷೆಯಲ್ಲಿ ಇಬ್ಬರ ಜಾಗ ತೋರಿಸಲು ಎದ್ದು ಬಗ್ಗಿದರೆ, ಸರಿಯಾಗಿ ರಾಜಧಾನಿಯ ಮೇಲೆ ಏನೋ ಅಡ್ಡ ಕೂತಿತ್ತು.

"ಯಾರ್ರೀ ಇದು, ನಕ್ಷೆ ಮೇಲೆ ತಟ್ಟೆ ಇಟ್ಟಿರೋರು?" ಎಂದು ಗದರಿದೆ. "ಸ್ವಲ್ಪನಾದ್ರೂ ಬುದ್ಧಿ ಬೇಡವಾ? ತೆಗೀರಿ ಮೊದಲು."

ಹೆಂಡತಿ ಎದ್ದು ತೆಗೆದಳು.