ಬಾಳೆಹಣ್ಣನ್ನೂ ಕುದಿಸುವ ದೊರೆಸಾನಿ

ಬಾಳೆಹಣ್ಣನ್ನು ಸಿಪ್ಪೆಸಮೇತ ಕುದಿಸಿ ತಿನ್ನುವವರು ಈ ಜಗತ್ತಿನಲ್ಲಿ ಯಾರಾದರೂ ಇದ್ದಾರೆಯೇ? ನಾನು ಒಬ್ಬರನ್ನು ಕಂಡಿದ್ದೇನೆ! ನಾನು ಗೋಕಾಕದ ಮಿಶನ್ ಶಾಲೆಯಲ್ಲಿ ಮಾಸ್ತರನಾಗಿದ್ದಾಗ, ಸಮುದ್ರದಾಚೆಯಿಂದ ಬಂದಿದ್ದ ಪಾದ್ರಿಗಳ ಹೆಂಡತಿ ಅವರು. ಊರವರಿಗೆ ದೊರೆಸಾನಿ. ಶಾಲೆಯ ಮಕ್ಕಳಿಗೆ, ಬೆನ್ನ ಹಿಂದೆ, ‘ಕುದಸೋ ದೊರಸಾನಿ’.

ಎಲ್ಲಿಗೆ ಹೊರಟರೂ ಗಾಡಿಗೆ ಮೊದಲು ಏರುತ್ತಿದ್ದದ್ದು ಅವರ ಸ್ಟೋವು ಮತ್ತು ನೀರು ಕುದಿಸುವ ಕಿಟ್ಲಿ. ಆಮೇಲೆ ಅವರು. ಜಾಗ ಉಳಿದರೆ ಪಾದ್ರಿಗಳು! ಹುಕ್ಕೇರಿಯ ಒಂದು ಮದುವೆಯಲ್ಲಿ ಮುದುಕ ಗೌಡರು ಮರ್ಯಾದೆಯಿಂದ ಎಲೆ ಅಡಿಕೆ ಕೊಟ್ಟರು. ದೊರೆಸಾನಿ ಎರಡೂ ಕೈಯಿಂದ ತೆಗೆದುಕೊಂಡು, ನಮಸ್ಕರಿಸಿ, ಕಿಟ್ಲಿಯ ಮುಚ್ಚಳ ತೆಗೆದು ಒಳಗೆ ಇಳಿಬಿಟ್ಟರು.

“ಮಾಸ್ತರ, ಏನ್ ಮಾಡಾಕತ್ತಾರ್ರಿ ಇವರು?”

“ಎಲಿ ಅಡಕಿ ಕುದಸಾಕತ್ತಾರ್ರಿ ಗೌಡ್ರ.”

“ಅಡಕಿನೂ? ಹಂಗಾರ ನನಗೂ ಒಂದೀಟು ಕೊಡಸ್ರಿ. ಬಾಯಾಗ ಹಲ್ಲಿಲ್ಲ!”

ಪಾದ್ರಿಗಳು ಒಮ್ಮೆ, “ಈ ಮನೆಯಲ್ಲಿ ಕುದಿಸದೆ ಉಳಿದದ್ದು ನನ್ನ ಭಾನುವಾರದ ಪ್ರಸಂಗ ಒಂದೇ,” ಎಂದು ನಿಟ್ಟುಸಿರು ಬಿಟ್ಟರು. “ಕುದಿಸಿದರೆ ಅದು ಸ್ವಲ್ಪ ಕಡಿಮೆಯಾದರೂ ಆಗುತ್ತಿತ್ತು,” ಎಂದರು ದೊರೆಸಾನಿ.

ನಾವೆಲ್ಲ ನಗುತ್ತಿದ್ದೆವು. ಬಂಗಲೆಯ ಹಿಂದೆ, ಬೇವಿನ ಕೆಳಗಿನ ಪುಟ್ಟ ಗೋರಿಯ ಹತ್ತಿರ ಮಾತ್ರ ಯಾರೂ ನಗುತ್ತಿರಲಿಲ್ಲ. ಅಲ್ಲಿ ಮಲಗಿದ್ದವನು ಅವರ ಒಬ್ಬನೇ ಮಗ. ಧುಪದಾಳದಲ್ಲಿ ಗಾಡಿ ನಿಲ್ಲಿಸಿ, ನೀರು ಬೇಕೆಂದು ಹಟ ಹಿಡಿದವನಿಗೆ ತಾಯಿಯೇ ಹೊಳೆಯ ನೀರು ಮೊಗೆದು ಕೊಟ್ಟಿದ್ದರು. ವಾಂತಿಭೇದಿಯಾಗಿ ಹೋದ. ಕಿಟ್ಲಿ ಬಂದದ್ದು ಆಮೇಲೆ.

ಒಂದು ಬೇಸಿಗೆ, ನಾನು ರಜೆಗೆ ಹೋಗಿದ್ದಾಗ, ಅದೇ ಬೇನೆ ನನ್ನೂರು ನಾಗನೂರಿಗೆ ಬಂತು. ನನ್ನ ಮಗಳು ಇನ್ನೂ ತೊದಲುವ ಕೂಸು. ಒಂದು ಬೆಳಿಗ್ಗೆ ಅವಳಿಗೂ ಹಿಡಿಯಿತು. ಮಧ್ಯಾಹ್ನದ ಹೊತ್ತಿಗೆ ಅವಳ ಕಣ್ಣು ಗುಳಿಬಿದ್ದಿದ್ದವು. ಅಳುತ್ತಿದ್ದಳು, ಕಣ್ಣೀರು ಬರುತ್ತಿರಲಿಲ್ಲ. ಮೂಡಲಗಿಯಲ್ಲಿ ಬಿಡಾರ ಹೂಡಿದ್ದ ದೊರೆಸಾನಿ ಸುದ್ದಿ ಕೇಳಿ ಬಂದು ನಮ್ಮ ಅಂಗಳದಲ್ಲಿ ಗಾಡಿಯಿಂದ ಇಳಿದರು. ಹೊಸ್ತಿಲಲ್ಲಿ ನಮ್ಮವ್ವ ಬೆಲ್ಲ, ತಂಬಿಗೆ ನೀರು ಹಿಡಿದು ನಿಂತಳು. ಮನೆಗೆ ಬಂದವರು ಬೆಲ್ಲ ಬಾಯಿಗಿಟ್ಟು ನೀರು ಕುಡಿಯಬೇಕು. ಒಲ್ಲೆ ಎಂದವರು ವೈರಿಗಳು. ಅದು ನಮ್ಮ ಕಡೆಯ ಪದ್ಧತಿ.

“ನಾನು ಒಲ್ಲೆನು, ತಾಯಿಯೇ,” ಎಂದರು ದೊರೆಸಾನಿ, ಮುನ್ಶಿ ಕಲಿಸಿದ ಪುಸ್ತಕದ ಕನ್ನಡದಲ್ಲಿ.

“ನಮ್ಮ ನೀರ ಒಲ್ಲದಾಕಿ ನಮ್ಮ ಕೂಸಿನ ಮುಟ್ಟೂದು ಬ್ಯಾಡ.”

“ಅವ್ವಾ, ದಾರಿ ಬಿಡ! ಕೂಸು ಕೈ ಬಿಟ್ಟು ಹೊಂಟೈತಿ!”

“ಅದಕ್ಕ ಹೇಳಾಕತ್ತೇನಿ. ಇಂಥಾ ಹೊತ್ತಿನಾಗ ವೈರೀನ ಒಳಗ ಕರಕೋತಾರೇನೋ?”

ಆಗ ಒಳಗಿನ ಅಳು ನಿಂತಿತು. ಅದು ದೊರೆಸಾನಿಗೂ ಕೇಳಿಸಿತು. ಅವರು ತಂಬಿಗೆಗೆ ಕೈ ಚಾಚಿದರು.

“ಕುಡೀಬ್ಯಾಡ್ರಿ,” ಎಂದೆ, “ಊರಾಗಿನ ಬಾವಿ ನೀರರಿ ಅದು.”

ಅವರು ನನ್ನತ್ತ ನೋಡಲಿಲ್ಲ. ಕೈ ನಡುಗಿ ನೀರು ಮೊಣಕೈವರೆಗೆ ಹರಿಯಿತು. ಬೆಲ್ಲ ಬಾಯಿಗಿಟ್ಟುಕೊಂಡರು. ಕಣ್ಣು ಮುಚ್ಚಿದರು. ಕುಡಿದರು. ಬರಿದಾದ ತಂಬಿಗೆಯನ್ನು ಅವ್ವನ ಕೈಗಿಟ್ಟು, “ಈಗ?” ಎಂದರು.

ಅವ್ವ ಬದಿಗೆ ಸರಿದಳು.

ಮಗುವಿಗೆ ಉಸಿರಿತ್ತು. ಉಪ್ಪು ಹಾಕಿ ಕುದಿಸಿದ ಗಂಜಿಯ ತಿಳಿಯನ್ನು ಆರಿಸಿ, ದೊರೆಸಾನಿ ಚಮಚ ಚಮಚವಾಗಿ ಬಾಯಿಗೆ ಬಿಡುತ್ತ ಕುಳಿತರು. ಅಂಗಳದಲ್ಲಿ ಅವ್ವ ಕೇಳಿದಳು: “ನೀರ ಕುಡಿಯಾಕ ಆಕಿ ಕೈ ಯಾಕೋ ಹಂಗ ನಡುಗಿದ್ವು?” ಬೇವಿನ ಕೆಳಗೆ ಯಾರು ಮಲಗಿದ್ದಾರೆ, ಯಾರ ಕೈಯ ನೀರು ಕುಡಿದು, ಎಂದು ಹೇಳಿದೆ.

ಸಂಜೆಗೆ ಮಗಳು ಮತ್ತೆ ಅತ್ತಳು. ಈ ಸಲ ಕೆನ್ನೆಯ ಮೇಲೆ ಕಣ್ಣೀರು ಇಳಿಯಿತು. ಅಳುವ ಕೂಸನ್ನು ನೋಡಿ ಮನೆಮಂದಿಯೆಲ್ಲ ನಕ್ಕದ್ದು ಅದೊಂದೇ ಸಲ!

ಆಮೇಲಿನ ಕೆಲವು ದಿನ ಮೂಡಲಗಿಯಿಂದ ಯಾರು ಬಂದರೂ ನನ್ನ ಎದೆ ಝಲ್ಲೆನ್ನುತ್ತಿತ್ತು. ದೊರೆಸಾನಿಗೆ ಏನೂ ಆಗಲಿಲ್ಲ. ಮಗಳನ್ನು ನೋಡಲೆಂದು ಮತ್ತೆ ಬಂದರು. ಅವ್ವ ಅದೇ ಹೊಸ್ತಿಲಿಗೆ ಬಂದಳು, ಅದೇ ತಂಬಿಗೆಯನ್ನು ಸೆರಗಿನಲ್ಲಿ ಸುತ್ತಿ ಹಿಡಿದು. ಹಬೆ ಏಳುತ್ತಿತ್ತು.

“ತಗೋ, ಮಗಳ. ನೀರ ಕುದಿಸೇನಿ. ಬೆಲ್ಲಾನೂ ಕುದಿಸೇನಿ, ಸುಡಗಾಡಂಥಾದ್ದು, ಕರಗೇ ಹೋತು!”

ಕುಡಿಯಲು ಅದು ಆರುವವರೆಗೆ ದೊರೆಸಾನಿ ಕಾಯಲಿಲ್ಲ.